ತಕ್ಕಡಿಯಲ್ಲಿ ನಿಂತ ಸುಣ್ಣ

ಕಲ್ಲಿನೊಳಗೂ ನಿಯಮವನ್ನಿರಿಸಿದ ಪರಶಿವನಿಗೂ, ಅಕ್ಷರವನ್ನೂ ಅಂಕಿಯನ್ನೂ ಒಂದೇ ಭಕ್ತಿಯಿಂದ ನನಗೆ ಕಲಿಸಿದ ಗುರುಗಳಿಗೂ ಮೊದಲು ಶರಣು.

ಎಂಬತ್ತರ ದಶಕದಲ್ಲಿ ನಾನು ಅಣ್ಣಿಗೇರಿ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸುಣ್ಣದ ಭಟ್ಟಿಯವರ ಮಗಳು ಹತ್ತನೆಯ ತರಗತಿ ಮುಗಿಸಿದ್ದಳು. ಹುಬ್ಬಳ್ಳಿಯ ಕಾಲೇಜಿನಲ್ಲಿ ವಿಜ್ಞಾನ ಓದುವ ಹಂಬಲ ಅವಳದು, ತಂದೆ ಒಪ್ಪಿರಲಿಲ್ಲ. ನಾನೇ ಭಟ್ಟಿಗೆ ಹೋಗಿ ಕೇಳಿದಾಗ ಅವರು ನಕ್ಕರು.

"ಹತ್ತು ಕಿಲೋ ಕಲ್ಲು ಸುಟ್ರ ಸುಣ್ಣ ಎಷ್ಟ ಬರ್ತೈತಿ, ಸುಡೂಕಿಂತ ಮೊದ್ಲ ಹೇಳಲಿ ಮಾಸ್ತರ್ರ. ಖರೇ ಆದ್ರ ಕಳಸ್ತೀನ್ರಿ."

ಹುಡುಗಿ ಕಡ್ಡಿಯಿಂದ ನೆಲದ ಮೇಲೆ ಸಮೀಕರಣ ಬರೆದಳು. ನೂರು ಪಾಲು ಸುಣ್ಣದ ಕಲ್ಲಿನಲ್ಲಿ ನಲವತ್ತನಾಲ್ಕು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಉಳಿಯುವ ಸುಣ್ಣ ಐವತ್ತಾರು ಪಾಲು.

"ಐದು ಕಿಲೋ ಆರನೂರು ಗ್ರಾಂ, ಅಪ್ಪಾ."

ಶುದ್ಧ ಬಿಳಿಯ ಕಲ್ಲನ್ನೇ ಆರಿಸಿ, ತೂಗಿ, ಸುಟ್ಟೆವು. ಆರಿದ ಸುಣ್ಣ ತಕ್ಕಡಿ ಮುಟ್ಟುವ ಮೊದಲು ಅದಕ್ಕೆ ಅಭಿಷೇಕದ ನೀರು ಚಿಮುಕಿಸುವುದು ಆ ಮನೆಯ ಪದ್ಧತಿ. ಹುಡುಗಿಯ ಅಜ್ಜಿ ಧಾರಾಳವಾಗಿಯೇ ಚಿಮುಕಿಸಿದರು. ಸುಣ್ಣ ಬುಸುಗುಟ್ಟಿ ಹಬೆ ಬಿಟ್ಟಿತು. ತೂಗಿದರೆ ಆರು ಕಿಲೋ!

"ಕಾಲೇಜು ಇಲ್ಲೇ ಮುಗೀತ ನೋಡವ್ವಾ," ಎಂದರು ತಂದೆ.

ಹುಡುಗಿಯ ಕಣ್ಣು ತುಂಬಿತು. ಕಾರಣ ನನಗೆ ಹೊಳೆದಿತ್ತು. ಆದರೂ ಅದನ್ನು ಅವಳೇ ಕಂಡುಕೊಳ್ಳಲಿ ಎಂದು ಬಿಟ್ಟೆ. ಅವಳು ಪುಡಿಯಾಗಿ ಉದುರಿದ್ದ ಸುಣ್ಣವನ್ನು ಮುಟ್ಟಿ ನೋಡಿದಳು.

"ಆಯಿ, ನೀ ಹಾಕಿದ ನೀರು ಎಲ್ಲಿ ಹೋತು? ಇದು ಒಣಾ ಹಿಟ್ಟಿನಂಗ ಐತಿ."

"ಹಂಗಾರ ದೇವರ ನೀರ ತೂಕ ಕೆಡಿಸ್ತ ಅಂತಿಯೇನ?"

"ಕೆಡಿಸಿಲ್ಲ ಆಯಿ, ಸುಣ್ಣ ನುಂಗೇತಿ. ಸ್ವಲ್ಪ ಹಬಿ ಆತು, ಉಳಿದದ್ದು ಒಳಗ ಕುಂತೈತಿ. ಬ್ಯಾರೆ ಹತ್ತು ಕಿಲೋ ಕಲ್ಲು ತೂಗಿ ಇನ್ನೊಮ್ಮೆ ಸುಡೂಣು. ಮೊದ್ಲ ತೂಕ, ಆಮ್ಯಾಲೆ ಪೂಜಿ."

ಅಜ್ಜಿ ಮಗನ ಕಡೆ ತಿರುಗಿದರು. "ದೇವರು ಒಂದು ಗಳಿಗಿ ಕಾಯ್ತಾನ. ನೀ ಭಟ್ಟಿ ಹೂಡಲೇ!"

ಎರಡನೆಯ ಸಲ ಅವಳು ತಕ್ಕಡಿಯ ಒಂದು ತಟ್ಟೆಯಲ್ಲಿ ತನ್ನ ಲೆಕ್ಕದಷ್ಟು ತೂಕದ ಬಟ್ಟುಗಳನ್ನು ಮೊದಲೇ ಇಟ್ಟಳು. ತಂದೆ ಮತ್ತೊಂದು ತಟ್ಟೆಗೆ ಬಿಸಿಯಾರಿದ ಸುಣ್ಣವನ್ನು ಸುರಿದರು. ಮುಳ್ಳು ತುಸು ಓಲಾಡಿ ನಡುವೆ ನಿಂತಿತು. ಅವರು ಬಗ್ಗಿ ಮುಳ್ಳನ್ನು ನೋಡಿ ಕೇಳಿದರು: "ಮಾಸ್ತರ್ರ, ಹಾಸ್ಟೆಲಿಗೆ ಹಾಸಿಗಿ ನಾವ ಒಯ್ಯಬೇಕೇನ್ರಿ?"

ಎಷ್ಟೋ ಮಕ್ಕಳಿಗೆ ಆ ಸಮೀಕರಣ ಕಲಿಸಿದ್ದೇನೆ. ಅಂದಿನಷ್ಟು ಎದೆಯುಬ್ಬಿದ್ದು ಮತ್ತೆಂದೂ ಇಲ್ಲ.

ಬೆಂಕಿ ಕಾಯ್ದವರಿಗೂ, ಪೂಜೆಯನ್ನು ಒಂದು ಗಳಿಗೆ ತಡೆದ ಆ ಅಜ್ಜಿಗೂ, ಆಡಿದ ಮಾತನ್ನು ನಡೆಸಿದ ಆ ತಂದೆಗೂ, ಲೆಕ್ಕವನ್ನು ಕೈಬಿಡದ ಆ ಮಗಳಿಗೂ ಶಿವನ ಕೃಪೆ ಸದಾ ಇರಲಿ.