ತಂಗಿಯ ಓದುಗಿ

ನನ್ನ ತಂಗಿಯ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ನಾನೊಬ್ಬಳೇ ಅವಳ ಪರ ವಹಿಸಿ ಜಗಳವಾಡುತ್ತಿದ್ದೆ. ನನ್ನ ಗುಟ್ಟೊಂದನ್ನು ಆರು ವರ್ಷ ಕಾಪಾಡಿದ್ದವಳು ಅವಳು.

ನನ್ನ ಬಲಗಿವಿ ಪೂರ್ತಿ ಕೆಟ್ಟಿದೆ, ಎಡಗಿವಿ ಅರ್ಧಂಬರ್ಧ. ನಾನು ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದೆ. ಉತ್ತರವನ್ನು ಬಾಯಲ್ಲಿ ಹೇಳಿಸುತ್ತಲೇ ಇರಲಿಲ್ಲ, ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಇದೇನೋ ಹೊಸ ಬೋಧನಾಕ್ರಮ ಎಂದು ಇನ್‌ಸ್ಪೆಕ್ಟರ್ ಹೊಗಳಿ ಹೋಗಿದ್ದರು! ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಗೋಡೆಗೆ ಅಂಟಿಕೊಂಡಿತ್ತು, ಬಲಗಡೆ ಯಾರೂ ಕೂರದಂತೆ. ಕಿವುಡಿ ಎನ್ನಿಸಿಕೊಂಡರೆ ತರಗತಿ ಕೈತಪ್ಪುತ್ತದೆ ಎಂಬ ಭಯ ನನಗೆ.

ತಂಗಿ ಕಿವಿಯ ಮಷೀನ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಬ್ಲಾಗ್ ಬರೆಯುವುದೂ ಅವಳ ತಲೆಗೇ ಬಂತು. ಮೊದಮೊದಲು ಅವಳು ಬರೆದದ್ದು ಔಷಧಿ ಡಬ್ಬಿಯೊಳಗಿನ ಚೀಟಿಯ ಹಾಗಿತ್ತು. ಓದಿದವಳು ನಾನೊಬ್ಬಳೇ, ಅದೂ ಮುಲಾಜಿಗೆ.

ಆಗ ಮಾಲೀಕರು ಉಪದೇಶ ಮಾಡಿದರಂತೆ: "ಊರಿಗೆಲ್ಲ ಬರೀಬೇಡಮ್ಮ. ಯಾರೋ ಒಬ್ಬರನ್ನ ಕಣ್ಮುಂದೆ ಇಟ್ಕೊ. ಅವರ ವಯಸ್ಸೆಷ್ಟು, ಕೆಲಸ ಏನು, ಏನನ್ನ ಮುಚ್ಚಿಡ್ತಾರೆ, ಎಲ್ಲ ಚೀಟಿಲಿ ಬರೆದು ಕಂಪ್ಯೂಟರ್‌ಗೆ ಅಂಟಿಸ್ಕೊ."

ಆಮೇಲೆ ಅವಳ ಬರಹಕ್ಕೆ ಜೀವ ಬಂತು, ಜನ ಮುಗಿಬಿದ್ದು ಓದತೊಡಗಿದರಂತೆ. ಚೀಟಿಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ, "ಸುಮ್ನೆ ಕಲ್ಪನೆ ಕಣಕ್ಕಾ" ಎಂದು ನಕ್ಕಳು. ಈಚಿನವನ್ನು ನಾನು ಓದಿರಲಿಲ್ಲ. ಆದರೂ ತಂಗಿ ಲೇಖಕಿಯಾದಳೆಂದು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಟೀಚರ್ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ತಂಗಿಯ ಬ್ಲಾಗ್ ತೆರೆದಿತ್ತು: "ನೀವು ಗಣಿತ ಕಲಿಸುತ್ತೀರಿ. ಉತ್ತರವನ್ನು ಬೋರ್ಡಿನ ಮೇಲೆ ಬರೆಸುತ್ತೀರಿ. ಗೋಡೆ ಪಕ್ಕದ ಕುರ್ಚಿ ಯಾರಿಗೂ ಬಿಟ್ಟುಕೊಡುವುದಿಲ್ಲ. ಎಲ್ಲರೂ ನಕ್ಕ ಮೇಲೆ ನಗುತ್ತೀರಿ. ಇದನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ."

ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಬರೆದಿದ್ದಳು. ತಲೆಯೆತ್ತಿದರೆ ಎಲ್ಲರೂ ನನ್ನ ಕುರ್ಚಿಯನ್ನೇ ನೋಡುತ್ತಿದ್ದರು. ಯಾರಾದರೂ ಏನಾದರೂ ಅಂದರೋ, ನನಗೆ ತಿಳಿಯದು.

ವಾರದೊಳಗೆ ಹೆಡ್‌ಮಿಸ್ ಕರೆಸಿದರು. ಬಾಯಿಯನ್ನು ಅಗಲಿಸಿ ಅಗಲಿಸಿ, ಒಂದೊಂದೇ ಪದವಾಗಿ ಕೂಗಿದರು: "ಇನ್ಮೇಲೆ... ನೀವು... ಲೈಬ್ರರಿ... ನೋಡ್ಕೊಳ್ಳಿ!" ಅಲ್ಲಿ ಯಾರೂ ಮಾತಾಡುವಂತಿಲ್ಲವಲ್ಲ, ನನಗೆ ಹೇಳಿಮಾಡಿಸಿದ ಜಾಗ.

ಸಂಜೆ ತಂಗಿ ಓಡಿಬಂದಳು.

"ನಿನ್ನ ಹೆಸರು ಹಾಕಿರ್ಲಿಲ್ಲ ಅಕ್ಕಾ!"

"ಬಿಟ್ಟಿದ್ದು ಅದೊಂದೇ ಕಣೇ."

"ನೀನು ಓದಿ ಮಷೀನ್ ಹಾಕಿಸ್ಕೊಳ್ಳಲಿ ಅಂತ ಬರೆದೆ. ನಿಜವಾಗ್ಲೂ."

"ನಂಗೆ ಹೇಳೋದಕ್ಕೆ ಊರಿಗೆಲ್ಲ ಸಾರಬೇಕಿತ್ತಾ? ಅಡುಗೆಮನೆಗೆ ಬಂದು ಹೇಳಿದ್ರೆ ಆಗ್ತಿರ್ಲಿಲ್ವಾ?"

ಅವಳಿಗೆ ಅಳು ಬಂತು. ನನಗೆ ಬರಲಿಲ್ಲ. ಹೊರಗಿನವರು ಆಡಿದ್ದರೆ ಬೋರ್ಡು ಒರೆಸಿದಂತೆ ಒರೆಸಿಹಾಕುತ್ತಿದ್ದೆ. ಇವಳು ನನ್ನನ್ನು ಚೀಟಿಯಲ್ಲಿ ಬರೆದು ಅಂಟಿಸಿಕೊಂಡಿದ್ದಳು.

ಆರು ವರ್ಷಗಳ ಅಭ್ಯಾಸದಂತೆ ಅವಳು ಕುರ್ಚಿ ಎಳೆದುಕೊಂಡು ನನ್ನ ಎಡಗಡೆಗೆ ಬಂದು ಕೂತಳು. ನಾನು ಎದ್ದು ನನ್ನ ಕುರ್ಚಿಯನ್ನು ಅವಳ ಆಚೆ ಬದಿಗೆ ಹಾಕಿದೆ. ಈಗ ಅವಳು ನನ್ನ ಬಲಕ್ಕಿದ್ದಳು. ಅವಳು ತುಂಬಾ ಹೊತ್ತು ಏನೇನೋ ಹೇಳಿದಳು. ಏನು ಹೇಳಿದೆ ಎಂದು ನಾನು ವಿಚಾರಿಸಲಿಲ್ಲ.