ಮಿಷನ್ ಹೋಯಿತು, ಸದ್ದು ಹೋಗಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಪವಾಡ ಇವನ್ನೆಲ್ಲ ನಾನು ನಂಬಿದವಳಲ್ಲ. ಹುಟ್ಟಿನಿಂದ ಕಣ್ಣಿಲ್ಲದವಳು ಎಂದು ಗೊತ್ತಾದ ಕೂಡಲೇ ‘ನಿಮಗೆ ಒಳಗಣ್ಣು ಇರುತ್ತದೆ’ ಎಂದು ಕೈಮುಗಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮನೆಯಲ್ಲಿ ಬುದ್ಧನದೊಂದು ಬಿಟ್ಟರೆ ಬೇರೆ ಪಟವಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ನನ್ನ ಅಂಗೈ ಕೆಳಗೆ ನಡೆದದ್ದನ್ನು ಇಲ್ಲ ಎನ್ನಲಾರೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ನಾನು ನಂಜನಗೂಡಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್. ಟಿಪ್ಪಣಿಯನ್ನು ಬೆರಳಲ್ಲಿ ಓದಿಕೊಂಡೇ ಪಾಠ ಮಾಡಬೇಕು. ಅದಕ್ಕಾಗಿ ಒಂದು ಬ್ರೈಲ್ ಪ್ರಿಂಟರ್ ಕೊಂಡಿದ್ದೆವು. ದಪ್ಪ ಕಾಗದದ ಮೇಲೆ ಚುಕ್ಕಿ ಕುಟ್ಟುತ್ತಾ ಹೋಗುವ ಮಿಷನ್ ಅದು. ಸದ್ದು ಎಂದರೆ ಅಂಥಿಂಥ ಸದ್ದಲ್ಲ, ಕಿಟಕಿ ಬಾಗಿಲೆಲ್ಲ ಅದುರುತ್ತಿದ್ದವು. ನನ್ನ ಗಂಡ ಅದನ್ನು ಹಾಲ್‌ನ ಕಂಪ್ಯೂಟರಿಗೆ ಸಿಕ್ಕಿಸಿ, ವೈಫೈ ಮೂಲಕ ಮನೆಯ ಉಳಿದೆರಡು ಕಂಪ್ಯೂಟರುಗಳಿಂದಲೂ ಪ್ರಿಂಟ್ ಕೊಡುವ ಹಾಗೆ ಮಾಡಿದ್ದರು. ಒಳಕೋಣೆಯಿಂದ ನಾನು ಕಳಿಸಬಹುದು, ಪಾಠ ಟೈಪ್ ಮಾಡಿಕೊಡುವ ನಾದಿನಿ ಸುಮಾ ತನ್ನ ಕೋಣೆಯಿಂದ ಕಳಿಸಬಹುದು. ಇಬ್ಬರೂ ಒಟ್ಟಿಗೆ ಕಳಿಸಿ ಗೊಂದಲವಾಗದಿರಲೆಂದು, ಗುಂಡಿ ಒತ್ತುವ ಮೊದಲು ‘ಕಳಿಸ್ತಾ ಇದ್ದೀನಿ’ ಎಂದು ಕೂಗುವುದು ನಮ್ಮ ಮನೆಯ ಪದ್ಧತಿಯಾಗಿತ್ತು.

ಮಹಡಿಯಲ್ಲಿದ್ದ ಮನೆ ಒಡತಿ ಗೌರಮ್ಮನವರಿಗೆ ಮಿಷನ್ ಕಂಡರಾಗದು. ಸದ್ದಿಗಿಂತ ಹೆಚ್ಚಾಗಿ, ಹಾಲ್‌ನಲ್ಲಿ ನರಪಿಳ್ಳೆ ಇಲ್ಲದಾಗಲೂ ಅದು ತಾನಾಗಿ ಶುರುವಾಗುವುದೇ ಅವರ ಭಯ.

“ಆಳಿಲ್ದೆ ಕುಟ್ಟೋ ಮಿಷನ್ನು ನಮ್ಮನೇಲಿ ಬ್ಯಾಡ ಕಣ್ ಟೀಚ್ರಮ್ಮ. ಅದನ್ನ ಸಾಗಾಕಿ, ಇಲ್ಲಾಂದ್ರೆ ಬ್ಯಾರೆ ಮನೆ ನೋಡ್ಕಳಿ,” ಎಂದರು.

ವೈಫೈ ಎಂದರೇನೆಂದು ಬಿಡಿಸಿ ಹೇಳಿದೆ.

“ತಂತಿ ಇಲ್ದೆ ಬತ್ತದಾ? ಅದಿನ್ನೂ ಕೆಟ್ದು!” ಎಂದರು.

ನಮ್ಮಂಥವರಿಗೆ ಬಾಡಿಗೆ ಮನೆ ಸಿಗುವ ಕಷ್ಟ ನಮಗೇ ಗೊತ್ತು. ಹಲ್ಲು ಕಚ್ಚಿಕೊಂಡು ಮಿಷನ್ನನ್ನು ತಿ. ನರಸೀಪುರದ ತಮ್ಮನ ಮನೆಗೆ ಸಾಗಿಸಿದೆ. ಹಾಳೆಯಿಲ್ಲದೆ ತರಗತಿಗೆ ಹೋಗಿ ತಡವರಿಸಿದ್ದನ್ನು ಕಂಡು ಹೆಡ್‌ಮಾಸ್ಟರು, “ಲೈಬ್ರರಿ ನೋಡ್ಕೋತೀರಾ ಮೇಡಂ?” ಎಂದು ಮೆಲ್ಲಗೆ ಕೇಳಿದರು. ಪಾಠ ಬಿಟ್ಟು ಮೂಲೆಯಲ್ಲಿ ಕೂರಿ ಎಂದು ಅದರ ಅರ್ಥ. ಅಳು ಬಂತು, ಅಳುವಿಗಿಂತ ಜಾಸ್ತಿ ಸಿಟ್ಟು ಬಂತು.

ಆ ಭಾನುವಾರ ಗೌರಮ್ಮ ದಡದಡ ಇಳಿದು ಬಂದರು. “ಸಾಗಾಕಿವ್ನಿ ಅಂತ ಸುಳ್ ಏಳ್ತೀರಾ? ನೆನ್ನೆಯಿಂದ ಕುಟ್ತಾನೇ ಅದೆ!”

ನನಗೆ ಸಿಟ್ಟು ನೆತ್ತಿಗೇರಿತು. ಕೆಳಗಿದ್ದ ನಮಗೆ ಯಾವ ಸದ್ದೂ ಕೇಳಿರಲಿಲ್ಲ, ಮನೆ ಬಿಡಿಸಲು ಹೊಸ ನೆಪ ಎಂದುಕೊಂಡೆ. ಅವರ ಕೈ ಹಿಡಿದು ಹಾಲ್‌ಗೆ ಎಳೆತಂದು, ಮಿಷನ್ ಇದ್ದ ಖಾಲಿ ಮೇಜಿನ ಮೇಲೆ ಇಡಿಸಿ, ಪಕ್ಕದಲ್ಲಿ ನನ್ನ ಕೈಯನ್ನೂ ಇಟ್ಟೆ. “ಎಲ್ಲಿದೆ ತೋರಿಸಿ,” ಎಂದೆ.

ಆಗ ಶುರುವಾಯಿತು. ಟಕಟಕಟಕ, ಸಾಲು ಮುಗಿದಾಗ ಕಾಗದ ಸರಿಯುವ ಕಿರ್ ಸದ್ದು, ಮತ್ತೆ ಟಕಟಕ. ಮೇಜು ಅಂಗೈ ಕೆಳಗೆ ಅದುರತೊಡಗಿತು. ದಿನಾ ಕೇಳಿದ ಸದ್ದು, ನನ್ನ ಕಿವಿ ತಪ್ಪುವುದಿಲ್ಲ. ಅಭ್ಯಾಸಬಲದಿಂದ, “ಯಾರು ಕಳಿಸಿದ್ದು?” ಎಂದು ಕೂಗಿದೆ.

“ನಾನಲ್ಲ ಅತ್ತಿಗೆ,” ಎಂದಳು ನನ್ನ ಹಿಂದೆಯೇ ನಿಂತಿದ್ದ ಸುಮಾ.

ಮೇಜಿನ ತುಂಬ ಕೈಯಾಡಿಸಿದೆ. ಧೂಳು ಬಿಟ್ಟರೆ ಏನೂ ಇಲ್ಲ. ಪಕ್ಕದ ಕಂಪ್ಯೂಟರಿನ ಪ್ಲಗ್ ಕಿತ್ತಿತ್ತು, ನಾನೇ ತಡವಿ ನೋಡಿದೆ. ಒಂದು ಹಾಳೆ ಮುಗಿಯುವಷ್ಟು ಹೊತ್ತು ಕುಟ್ಟಿ ಸದ್ದು ನಿಂತಿತು. ನನಗೂ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ತಮ್ಮನಿಗೆ ಫೋನ್ ಮಾಡಿದೆ. “ಡಬ್ಬನೇ ಬಿಚ್ಚಿಲ್ಲ ಕಣಕ್ಕ, ಅಟ್ಟದ ಮೇಲದೆ,” ಎಂದ.

ಗೌರಮ್ಮ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. “ತಕ್ಕಂಬಂದ್ಬುಡಿ ಟೀಚ್ರಮ್ಮ. ಇದ್ದು ಕುಟ್ಟುದ್ರೆ ತಡ್ಕಬೋದು, ಇಲ್ದೆ ಕುಟ್ಟುದ್ರೆ ಜೀವ ಓಯ್ತದೆ.”

ಗೆದ್ದೆ ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ.

“ದೆವ್ವಕ್ಕೆ ಹೆದರಿ ಒಪ್ಪೋದಾದ್ರೆ ಬೇಡಮ್ಮ. ನಾಳೆ ನಿಂಬೆಹಣ್ಣು ಕುಯ್ದು ಧೈರ್ಯ ಬಂದ್ರೆ ಮತ್ತೆ ನಮ್ಮನ್ನ ಓಡಿಸ್ತೀರಿ. ನಾನು ಓದಬೇಕು, ಓದಿ ಪಾಠ ಮಾಡಬೇಕು. ಅದಕ್ಕೆ ಒಪ್ಪೋದಾದ್ರೆ ಹೇಳಿ, ತರ್ತೀನಿ.”

ಹಿಡಿದಿದ್ದ ನನ್ನ ಮುಂಗೈಯನ್ನು ಅವರು ಸಡಿಲಿಸಿದರು. “ಓದ್ಕಳವ್ವ,” ಎಂದರು.

ಸಂಜೆ ಬಂದ ಗಂಡ ಎಲ್ಲ ಕೇಳಿ, “ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಹಂಗಾಯ್ತು,” ಎಂದು ನಕ್ಕರು. ಹಿಂದೆ ಕಳಿಸಿದ್ದು ಕಂಪ್ಯೂಟರಿನ ಪ್ರಿಂಟ್ ಸರದಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದರು. ಸಿಕ್ಕಿಕೊಂಡದ್ದು ಮಿಷನ್ ಬಂದ ಮೇಲೆ ಹೊರಬರುತ್ತದೆ, ಒಪ್ಪಿದೆ. ಮಿಷನ್ನೇ ಇಲ್ಲದಾಗ?

ಮಿಷನ್ ವಾಪಸು ಬಂತು, ನಾನು ತರಗತಿಗೆ ಹೋದೆ. ಆ ಬಗೆಯ ಸದ್ದು ಮತ್ತೆ ಕೇಳಿಲ್ಲ. ‘ಮನೆ ಉಳಿಸಿಕೊಳ್ಳಲು ಫೋನಿನಲ್ಲಿ ರೆಕಾರ್ಡ್ ಹಾಕಿದಳು’ ಎನ್ನುವವರಿದ್ದಾರೆ. ‘ನಮ್ಮ ಮಗುವಿನ ತಲೆ ಮೇಲೆ ಕೈಯಿಡಿ’ ಎಂದು ಬಂದವರೂ ಇದ್ದಾರೆ. ಇಬ್ಬರಿಗೂ ಬಾಗಿಲು ತೋರಿಸಿದ್ದೇನೆ. ಅದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಂತ ಅದಕ್ಕೊಂದು ಕಾಯಿ ಒಡೆಯಿರಿ ಎಂದರೆ ಒಡೆಯುವುದಿಲ್ಲ. ಅಂದು ಸದ್ದು ಮಾಡಿದ್ದು ಯಾರೋ ಏನೋ, ಮಾತಾಡಿದವಳು ಮಾತ್ರ ನಾನು.