ಬಾಗಿಲು ತೆಗೆಯಬೇಡಿ ಎಂದು ಕಲಿಸುವ ಓಡಿಲಿಯಾ

ಬೆಳಗಿನ ಜಾವ ನಾಲ್ಕೂವರೆ. ಟ್ರೇಲರ್ ಮನೆಗಳ ಸಾಲಿನ ಮುಂದೆ ಬಿಳಿ ವ್ಯಾನೊಂದು ಗುರುಗುಡುತ್ತ ನಿಂತಿದೆ. ಕೋಳಿ ಕಾರ್ಖಾನೆಯ ರಬ್ಬರ್ ಬೂಟು ತೊಟ್ಟ ಹನ್ನೊಂದು ಜನ ಒಳಗೆ ಒತ್ತಿಕೊಂಡು ಕೂತಿದ್ದಾರೆ. ಗೇರು ಹಾಕುವ ಮೊದಲು ನಲವತ್ತಾರು ವರ್ಷದ ಓಡಿಲಿಯಾ ತೆಮಾಹ್ ಬೆರಳ ಗೆಣ್ಣಿನಿಂದ ಕಿಟಕಿ ಗಾಜಿಗೆ ಟಕ್ ಟಕ್ ಎಂದು ಬಡಿಯುತ್ತಾಳೆ.

"ಯಾರೋ ಬಂದಿದ್ದಾರೆ. ಏನಂತೀರಿ?"

"ಬನ್ನಿ ಒಳಗೆ, ಜೋಳದ ಕಡುಬು, ತಮಾಲೆ ತಿನ್ನಿ!" ಹಿಂದಿನ ಸೀಟಿನಿಂದ ನಿಕಾನೋರ್ ಕೂಗುತ್ತಾನೆ. ವ್ಯಾನಿಗೆ ವ್ಯಾನೇ ನಗುತ್ತದೆ.

"ನಗು, ನಗು. ನಿನ್ನನ್ನ ಹಿಡಿದು ಊರಿಗೆ ವಿಮಾನ ಹತ್ತಿಸಿದ ಮೇಲೆ ನಿನ್ ಹೆಂಡ್ತಿ ಆ ತಮಾಲೆ ಯಾರಿಗೆ ಬಡಿಸ್ತಾಳೆ ನೋಡೋಣ," ಎನ್ನುತ್ತಾಳೆ ಓಡಿಲಿಯಾ. "ಇನ್ನೊಂದ್ ಸಲ."

ಟಕ್ ಟಕ್. ಈ ಸಲ ಎಲ್ಲರದೂ ಒಂದೇ ದನಿ: "ಬಾಗಿಲು ತೆಗಿಯಲ್ಲ. ಜಡ್ಜ್ ಸಹಿ ಇರೋ ಕಾಗದ ಇದ್ರೆ ಕೆಳಗಿಂದ ತೂರಿಸಿ."

ಆಮೇಲೆಯೇ ವ್ಯಾನು ಹೊರಡುವುದು.

ಉತ್ತರ ಅಲಬಾಮಾದ ಈ ಕೌಂಟಿಯಲ್ಲಿ ಕೋಳಿ ಕೊಯ್ಯುವವರಲ್ಲಿ ಹೆಚ್ಚಿನವರು ಗ್ವಾಟೆಮಾಲಾದ ಬೆಟ್ಟಗಳಿಂದ ಬಂದ ಮಾಮ್ ಎಂಬ ಮೂಲನಿವಾಸಿ ಜನ. ಓಡಿಲಿಯಾ ಕೂಡ ಅವರಲ್ಲೊಬ್ಬಳು. ಮೂಳೆ ಬಿಡಿಸಿ ಬಿಡಿಸಿ ಮಣಿಕಟ್ಟು ಊದಿದ ಮೇಲೆ ಕಾರ್ಖಾನೆ ಬಿಟ್ಟು ವ್ಯಾನು ಹಿಡಿದಳು. ಅವಳಿಗೆ ಕಾಗದಪತ್ರವೂ ಇದೆ, ಲೈಸೆನ್ಸೂ ಇದೆ. ವ್ಯಾನು ಹತ್ತುವವರಿಗೆ ಅದಿಲ್ಲ. ಎರಡು ವರ್ಷದ ಹಿಂದೆ ಇಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್, ಕೇಂದ್ರ ಸರ್ಕಾರದ ವಲಸೆ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡ. ಅಂದಿನಿಂದ ಕಾರಿನ ಹಿಂದಿನ ದೀಪ ಕೆಟ್ಟರೂ ಸಾಕು, ಮೊದಲು ಜೈಲು, ಆಮೇಲೆ ಗಡೀಪಾರು. ಹಾಗಾಗಿ ಬೆಳಗಾಗುವುದರೊಳಗೆ ಅವಳದು ಮೂರು ಸುತ್ತು, ಮೂವತ್ತಮೂರು ಜನ.

"ನನ್ ವ್ಯಾನಿನ ಒಂದು ಬಲ್ಬ್ ಸುಟ್ರೆ ಹನ್ನೊಂದು ಮನೆ ಒಲೆ ಆರುತ್ತೆ," ಎನ್ನುತ್ತಾಳೆ.

ಅವರ ಊರಿನಲ್ಲಿ ಬಾಗಿಲು ತಟ್ಟಿದವರನ್ನು ಯಾರೆಂದು ಕೇಳುವ ವಾಡಿಕೆಯಿಲ್ಲ. ಕೂತಲ್ಲಿಂದಲೇ "ಬನ್ನಿ ಒಳಗೆ" ಎನ್ನಬೇಕು. ಹೊರಗೆ ನಿಲ್ಲಿಸುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಬಾಗಿಲ ಸದ್ದಾದಾಗ ಓಡಿಲಿಯಾಳ ತಾಯಿ, ಎಪ್ಪತ್ತಮೂರರ ಚೋನಾ, ರೊಟ್ಟಿ ತಟ್ಟುತ್ತಿದ್ದಳು. ತಲೆಯೆತ್ತದೆ ಬನ್ನಿ ಎಂದಳು. ಅವಳಿಗೆ ಬರುವ ನಾಲ್ಕು ಸ್ಪ್ಯಾನಿಷ್ ಮಾತಿನಲ್ಲಿ ಅದೂ ಒಂದು. ಬಂದವರು ಶೆರಿಫನ ನಾಲ್ವರು ಪೊಲೀಸರು. ಹುಡುಕಿಕೊಂಡು ಬಂದದ್ದು ಇನ್ಯಾರನ್ನೋ, ಹಿಡಿದುಕೊಂಡು ಹೋದದ್ದು ಚೋನಾಳ ಮಗ, ಓಡಿಲಿಯಾಳ ತಮ್ಮ ರಿಗೋಬೆರ್ತೊನನ್ನು. ಹತ್ತೊಂಬತ್ತೇ ದಿನದಲ್ಲಿ ಅವನನ್ನು ಗಡಿಯಾಚೆ ಬಿಟ್ಟರು. ಜಡ್ಜ್ ಸಹಿಯ ಕಾಗದವಿಲ್ಲದೆ ಒಳಗೆ ಬರಬೇಕಾದರೆ ಮನೆಯವರು ಒಪ್ಪಬೇಕು. ಶೆರಿಫನ ವರದಿಯಲ್ಲಿ ಬರೆದಿದ್ದು, "ಮನೆಯವರ ಒಪ್ಪಿಗೆ ಪಡೆದು ಒಳಗೆ ಹೋದೆವು."

"ಒಪ್ಪಿಗೆಯಂತೆ!" ಎನ್ನುತ್ತಾಳೆ ಓಡಿಲಿಯಾ. "ನಮ್ಮಮ್ಮ ಕೊಟ್ಟಿದ್ದು ಮರ್ಯಾದೆ. ಅದನ್ನ ಒಪ್ಪಿಗೆ ಅಂತ ಬರ್ಕೊಂಡ್ರು. ಅವಳು ಇವತ್ತಿಗೂ ಮಗನ್ನ ನಾನೇ ಹಿಡಿದುಕೊಟ್ಟೆ ಅಂತ ಅಳ್ತಾಳೆ."

ಆ ಒಪ್ಪಂದ ಮುಂದುವರಿಯಬೇಕೋ ಬೇಡವೋ ಎಂದು ಕೌಂಟಿ ಮಂಡಳಿ ಬರುವ ಮಂಗಳವಾರ ತೀರ್ಮಾನಿಸಲಿದೆ. ಸಾರ್ವಜನಿಕರು ಬಂದು ಮಾತಾಡಬಹುದಂತೆ. ಅದನ್ನು ತಿಳಿಸುವ ಒಂದೇ ಒಂದು ಹಾಳೆ, ಅದೂ ಇಂಗ್ಲಿಷಿನಲ್ಲಿ, ಕೋರ್ಟು ಕಟ್ಟಡದ ಗಾಜಿನ ಪೆಟ್ಟಿಗೆಯೊಳಗಿದೆ. ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದ ನೆರೆಮನೆಯ ಲೊರೀನ್‌ಗೆ ಒಪ್ಪಂದವೂ ಸಭೆಯೂ ಓಡಿಲಿಯಾ ಹೇಳಿದ ಮೇಲೆಯೇ ಗೊತ್ತಾದದ್ದು. "ನಾನು ಇಲ್ಲೇ ಹುಟ್ಟಿ ಬೆಳೆದೋಳು ಕಣಮ್ಮಾ. ನನ್ ಓಟು ತಗೊಂಡು ನಂಗೂ ಹೇಳ್ದೆ ಸಹಿ ಹಾಕಿದಾನಲ್ಲ ಈ ಶೆರಿಫ್ಪು!" ಎಂದು ಲೊರೀನ್ ಕೆಂಡವಾಗಿದ್ದಾಳೆ.

ಸಭೆ ಬೆಳಿಗ್ಗೆ ಹತ್ತಕ್ಕೆ. ಸಂಜೆ ಆರಕ್ಕೆ ಇಡಿ ಎಂದು ಓಡಿಲಿಯಾ ಇನ್ನೂರ ಹನ್ನೆರಡು ಜನರ ಸಹಿ ಹಾಕಿಸಿ ಕೊಟ್ಟಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಳೆದ ಸಭೆಗೆ ಮಾಮ್ ಜನರಲ್ಲಿ ಹೋದವಳು ಅವಳೊಬ್ಬಳೇ. ಖಾಲಿ ಕುರ್ಚಿಗಳನ್ನು ತೋರಿಸಿ ಸದಸ್ಯನೊಬ್ಬ, "ಈ ಜನಕ್ಕೇ ಆಸಕ್ತಿ ಇಲ್ಲ," ಎಂದ.

"ಹತ್ತು ಗಂಟೆಗೆ ನಮ್ಮೋರು ಅವನ ಮಧ್ಯಾಹ್ನದ ಊಟದ ಕೋಳೀನೇ ಕೊಯ್ತಿರ್ತಾರೆ," ಎನ್ನುತ್ತಾಳೆ ಓಡಿಲಿಯಾ. " ಆಸಕ್ತಿ ಇಲ್ವಂತೆ!"

ಮಾತಾಡಲು ತಲೆಗೆ ಎರಡು ನಿಮಿಷ. ಅನುವಾದವೂ ಅದರೊಳಗೇ. ಹಾಗಾಗಿ ಇಂಗ್ಲಿಷ್ ಬಲ್ಲವನಿಗೆ ಎರಡು ನಿಮಿಷ ಸಿಕ್ಕಿದರೆ ಮಾಮ್ ಭಾಷೆ ಆಡುವವಳಿಗೆ ಒಂದೇ. ತಮ್ಮನ ಹೆಸರು ಬಾಯಿಗೆ ಬರುವ ಹೊತ್ತಿಗೆ ಓಡಿಲಿಯಾಳ ಮೈಕು ಬಂದ್ ಆಗಿತ್ತು.

ಈ ಮಂಗಳವಾರ ಮಾತಾಡುತ್ತೇನೆಂದು ಹೊರಟಿರುವವಳು ಚೋನಾ. ಬಟ್ಟೆ ಮಡಿಸುತ್ತಲೇ ತುಟಿಯಲ್ಲೇ ಅಭ್ಯಾಸ ನಡೆದಿದೆ.

ಮೂರನೆಯ ಸುತ್ತು ಮುಗಿಸಿದ ಓಡಿಲಿಯಾ ಕಾರ್ಖಾನೆಯ ಗೇಟಿನೆದುರು ಎಂಜಿನ್ ಆರಿಸುತ್ತಾಳೆ.

"ಅಮ್ಮ ಮಾತಾಡೋದು ನಿಧಾನ. ಅನುವಾದದ ಹೊತ್ತನ್ನ ಬೇರೆ ಇಟ್ಕೊಳ್ಳಲಿ, ಅಷ್ಟೇ ಕೇಳೋದು. ಹತ್ತೊಂಬತ್ತು ವರ್ಷ ನಿಮಿಷಕ್ಕೆ ಇಪ್ಪತ್ತು ಕೋಳಿ ಬಿಡಿಸಿ ಈ ಊರಿಗೆ ಉಣ್ಣಿಸಿದೀನಿ. ಅದ್ರಲ್ಲಿ ಎರಡು ನಿಮಿಷ ನಮ್ಮಮ್ಮಂಗೆ ವಾಪಸ್ ಕೊಡ್ಲಿ."